ನಡು ಚೊಕ್ಕ, ಅಂಚು ಮಸುಕು

ಹೋದ ವಾರ ನನ್ನ ತಮ್ಮನ ಮಗಳು ಫೋನಿಗೆ ಒಂದು ಚಿತ್ರ ಕಳಿಸಿದ್ದಳು. ಗೌರಿಬಿದನೂರಿನಲ್ಲಿ ಡಿಗ್ರಿ ಓದುವ ಹುಡುಗಿ. ಅವಳ ಅಪ್ಪನ ಬೀರುವಿನಲ್ಲಿ ಸುಮ್ಮನೆ ಬಿದ್ದಿದ್ದ ಪುಟ್ಟ ಡಿಜಿಟಲ್ ಕ್ಯಾಮೆರಾ ಈಗ ಅವಳ ಕೈಗೆ ಬಂದಿದೆಯಂತೆ. ಈಗಿನ ಮಕ್ಕಳಿಗೆ ಹಳೇ ಕ್ಯಾಮೆರಾಗಳ ಹುಚ್ಚು ಹತ್ತಿದೆ ಎನ್ನುವುದು ನನಗೆ ಗೊತ್ತಿರಲಿಲ್ಲ. ಚಿತ್ರದಲ್ಲಿ ಒಂದು ಕಪ್ಪು ಚೀಲದ ಮೇಲೆ ಮೂರು ಲೆನ್ಸ್‌ಗಳು ಕೂತಿದ್ದವು. ದೂರದ್ದನ್ನು ಹತ್ತಿರ ತರುವುದೊಂದು, ಹತ್ತಿರದ್ದನ್ನು ದೊಡ್ಡದು ಮಾಡುವುದೊಂದು, ಅಗಲಕ್ಕೆ ಎಲ್ಲವನ್ನೂ ಹಿಡಿಸುವುದೊಂದು. ಕ್ಯಾಮೆರಾದ ಮೂತಿಗೆ ಮೇಲಿನಿಂದ ಸಿಕ್ಕಿಸಿಕೊಳ್ಳುವಂಥವು. ಕೆಳಗೆ ಬರೆದಿದ್ದಳು: 'ಅತ್ತೆ, ತುಂಬಾ ಚೀಪಾಗಿದೆ. ತಗೋಬಹುದಾ? ನಿಮಗೆ ಇದೆಲ್ಲ ಗೊತ್ತು ಅಂತ ಅಪ್ಪ ಹೇಳಿದ್ರು.'

ನನಗೆ ಗೊತ್ತಿರುವುದೆಲ್ಲ ಒಬ್ಬರಿಂದ ಬಂದದ್ದು. ಅವರು ನಮ್ಮ ಶಾಲೆಯ ವಿಜ್ಞಾನದ ಮೇಡಂ. ತೀರಿಕೊಂಡು ಇನ್ನೂ ವರ್ಷ ತುಂಬಿಲ್ಲ. ತುಂಬಿದ ಮೇಲೂ ತಿಥಿ ಮಾಡುವವರು ಯಾರೂ ಉಳಿದಿಲ್ಲ. ಹುಡುಗಿಗೆ ಒಂದು ಸಾಲಿನ ಉತ್ತರ ಬರೆಯೋಣವೆಂದು ಫೋನು ಹಿಡಿದವಳು ಹಾಗೇ ಕೂತುಬಿಟ್ಟೆ. ಆ ಮೂರು ಲೆನ್ಸ್‌ಗಳನ್ನು ನಾನು ಕಂಡಿದ್ದೇನೆ, ಮುಟ್ಟಿದ್ದೇನೆ, ಸೆರಗಿನಿಂದ ಒರೆಸಿಕೊಟ್ಟಿದ್ದೇನೆ. ಅವುಗಳ ಮೇಲೆ ನನಗೆ ಇರುವಷ್ಟು ಸಿಟ್ಟು ಯಾವ ಮನುಷ್ಯರ ಮೇಲೂ ಇಲ್ಲ.

ಚಿಂತಾಮಣಿಯ ಹತ್ತಿರದ ಒಂದು ಪ್ರೌಢಶಾಲೆಗೆ ನಾನು ಕನ್ನಡ ಟೀಚರಾಗಿ ಸೇರಿದಾಗ ಮೇಡಂ ಬಗ್ಗೆ ಮೊದಲು ಕಿವಿಗೆ ಬಿದ್ದದ್ದು ದೂರು. ಸ್ಟಾಫ್ ರೂಮಿನಲ್ಲಿ, ಬಿಸಿಯೂಟದ ಅಡುಗೆಮನೆಯಲ್ಲಿ, ಮಕ್ಕಳನ್ನು ಬಿಡಲು ಬರುವ ತಾಯಂದಿರ ಗುಂಪಿನಲ್ಲಿ ಒಂದೇ ಮಾತು. 'ಆಯಮ್ಮಂಗೆ ಧಿಮಾಕು ಜಾಸ್ತಿ. ಮುಖ ಕೊಟ್ಟು ಮಾತಾಡಲ್ಲ.' ಮಾತು ಸುಳ್ಳೇನೂ ಆಗಿರಲಿಲ್ಲ. ಎದುರಿಗೆ ಯಾರೇ ನಿಂತಿರಲಿ, ಮೇಡಂ ಆ ನಿಂತವರ ಹೆಗಲ ಮೇಲೆ ಇನ್ನೊಬ್ಬರು ಕೂತಿದ್ದಾರೆ ಎನ್ನುವ ಹಾಗೆ ಅತ್ತ ನೋಡುತ್ತಾ ಮಾತಾಡುತ್ತಿದ್ದರು. ತರಗತಿಯಲ್ಲಿ ಹೆಸರು ಕರೆಯುವುದು ಒಬ್ಬಳನ್ನು, ಕಣ್ಣು ನಿಲ್ಲುವುದು ಪಕ್ಕದವಳ ಮೇಲೆ. ಇಬ್ಬರೂ ಎದ್ದು ನಿಲ್ಲುತ್ತಿದ್ದರು. ಮೇಡಂ ತಲೆ ಕೆಡಿಸಿಕೊಳ್ಳದೆ 'ಇಬ್ಬರೂ ಹೇಳಿ, ನೋಡಣ' ಎನ್ನುತ್ತಿದ್ದರು.

'ನೋಡಣ' ಎನ್ನುವುದು ಅವರ ಬಾಯಿಗೆ ಅಂಟಿಕೊಂಡ ಮಾತು. ರಜೆ ಕೇಳಿದರೆ ನೋಡಣ, ಪ್ರವಾಸಕ್ಕೆ ಹೋಗೋಣವೆಂದರೆ ನೋಡಣ, ಮಳೆ ಬರಬಹುದಾ ಎಂದರೂ ನೋಡಣ. ಎತ್ತರದ ಮೈಕಟ್ಟು, ಗಂಜಿ ಹಾಕಿದ ಕಾಟನ್ ಸೀರೆ, ನೆರಿಗೆಗಳ ಮೇಲೆ ಒಂದೂ ಸುಕ್ಕಿರುತ್ತಿರಲಿಲ್ಲ. ಹೆಗಲಲ್ಲಿ ಯಾವಾಗಲೂ ಭಾರದ ಚೀಲ. ಚೀಲದಲ್ಲಿ ಊಟದ ಡಬ್ಬಿ, ಸೀಮೆಸುಣ್ಣ, ಒಂದು ಚಿಕ್ಕ ಬೆಳ್ಳಿಬಣ್ಣದ ಕ್ಯಾಮೆರಾ. ಮಕ್ಕಳು ಅವರನ್ನು ಕ್ಯಾಮೆರಾ ಮಿಸ್ ಎಂದೇ ಕರೆಯುತ್ತಿದ್ದರು.

ನಾನು ಚಿಕ್ಕಬಳ್ಳಾಪುರದಿಂದ ಓಡಾಡುತ್ತಿದ್ದೆ. ಅವರ ಮನೆ ದಾರಿಯಲ್ಲೇ, ಶಿಡ್ಲಘಟ್ಟದಲ್ಲಿ. ಹೀಗಾಗಿ ಸಂಜೆ ಇಬ್ಬರಿಗೂ ಒಂದೇ ಬಸ್ಸು. ಸೇರಿದ ಹೊಸದರಲ್ಲಿ ಒಂದು ಸಂಜೆ ಚಿಂತಾಮಣಿ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದಾಗ ಮೇಡಂ ಚೀಲದಿಂದ ಕ್ಯಾಮೆರಾ ತೆಗೆದು, ಬರುತ್ತಿದ್ದ ಬಸ್ಸಿನ ಹಣೆಗೆ ಹಿಡಿದು ಫೋಟೋ ತೆಗೆದರು. ಆಮೇಲೆ ಅದರ ಪರದೆಯನ್ನು ಕಣ್ಣಿನ ಮೂಲೆಗೆ ತಂದು, ಕೋಳಿ ಕಾಳನ್ನು ನೋಡುವ ಹಾಗೆ ಕತ್ತು ಓರೆ ಮಾಡಿ ನೋಡಿದರು.

"ಏನ್ ಮೇಡಂ, ಬಸ್ಸಿಗೂ ಫೋಟೋನಾ?" ಎಂದೆ.

"ಬೋರ್ಡ್ ಓದ್ತಿದ್ದೀನಿ ಕಣಮ್ಮ" ಎಂದರು. "ಬರೀ ಕಣ್ಣಲ್ಲಿ ಆಗಲ್ಲ ನಂಗೆ."

ಬಸ್ಸಿನಲ್ಲಿ ಪಕ್ಕಪಕ್ಕ ಕೂತ ಮೇಲೆ ಅವರೇ ಹೇಳಿದರು. "ಸುತ್ತಲೂ ಎಲ್ಲಾ ಕಾಣುತ್ತೆ. ನಿನ್ನ ಸೀರೆ ನೀಲಿ, ಕಿವೀಲಿ ಜುಮುಕಿ, ಕಿಟಕಿ ಆಚೆ ಸೀಬೆಹಣ್ಣು ಮಾರೋನು ನಿಂತವ್ನೆ. ಎಲ್ಲಾ ಗೊತ್ತಾಗುತ್ತೆ. ನಡುವೆ ಮಾತ್ರ ಇಲ್ಲ. ನಿನ್ನ ಮುಖ ಇರೋ ಜಾಗದಲ್ಲಿ ಡಸ್ಟರ್ ಆಡಿಸಿದಂಗಿದೆ. ಸ್ವಲ್ಪ ಪಕ್ಕಕ್ಕೆ ನೋಡಿದ್ರೆ ಅಂಚಿನಲ್ಲಿ ಒಂಚೂರು ಸಿಗ್ತೀಯ."

ಬೆಂಗಳೂರಿನ ಕಣ್ಣಿನ ಡಾಕ್ಟರು ಕಣ್ಣೊಳಗಿನ ಪರದೆಯ ನಡುಭಾಗ ಸವೆದಿದೆ ಎಂದಿದ್ದರಂತೆ. ಕನ್ನಡಕಕ್ಕೂ ಆಪರೇಷನ್ನಿಗೂ ಬಗ್ಗುವಂಥದ್ದಲ್ಲ. ಪೂರ್ತಿ ಕತ್ತಲಾಗುವುದಿಲ್ಲ, ನಡುವಿನ ಮಸುಕು ಮಾತ್ರ ಬೆಳೆಯುತ್ತಾ ಹೋಗುತ್ತದೆ. ಓದುವುದಕ್ಕೆ ದೊಡ್ಡ ಭೂತಗನ್ನಡಿ ಇಟ್ಟುಕೊಳ್ಳಿ ಎಂದು ಹೇಳಿ ಕಳಿಸಿದ್ದರು. ಮೇಡಂ ಭೂತಗನ್ನಡಿ ತೆಗೆದುಕೊಳ್ಳಲಿಲ್ಲ.

"ಭೂತಗನ್ನಡಿ ಹಿಡಿದ್ರೆ ಕುರುಡಿ ಅಂತಾರೆ" ಎಂದರು. "ಕ್ಯಾಮೆರಾ ಹಿಡಿದ್ರೆ ಶೋಕಿ ಅಂತಾರೆ. ಶೋಕಿನೇ ವಾಸಿ ಕಣೇ."

ಧಿಮಾಕಿನವಳು ಅನ್ನಿಸಿಕೊಳ್ಳುವುದನ್ನೂ ಅವರು ಹಾಗೇ ಆರಿಸಿಕೊಂಡಿದ್ದರು. ಮಾರನೇ ದಿನ ಸ್ಟಾಫ್ ರೂಮಿನಲ್ಲಿ ಯಾರೋ ಮತ್ತೆ 'ಮುಖ ಕೊಟ್ಟು ಮಾತಾಡಲ್ಲ' ಎಂದಾಗ ಬಾಯಿಯವರೆಗೆ ಬಂದದ್ದನ್ನು ನುಂಗಿಕೊಂಡೆ. ಹೇಳಬಾರದು ಎಂದು ಕೈಮೇಲೆ ಕೈ ಹಾಕಿಸಿಕೊಂಡಿದ್ದರು.

ಶಾಲೆಯಲ್ಲಿ ಗೊತ್ತಾದರೆ ಪಾಠ ಬಿಡಿಸಿ ಎಲ್ಲೋ ಮೂಲೆಯಲ್ಲಿ ಕೂರಿಸುತ್ತಾರೆ ಎನ್ನುವ ಭಯ ಅವರಿಗಿತ್ತು. ಆದರೆ ಅದಕ್ಕಿಂತ ದೊಡ್ಡ ಭಯ ಮನೆಯಲ್ಲಿತ್ತು. ಮನೆಯಲ್ಲಿ ಇದ್ದದ್ದು ಅವರು ಮತ್ತು ಅವರ ಅಕ್ಕ. ಅಕ್ಕನಿಗೆ ಹುಟ್ಟಿನಿಂದ ಕಿವಿ ಕೇಳದು, ಮಾತು ಬಾರದು. ಶಾಲೆಯ ಮುಖ ಕಂಡವರಲ್ಲ. ಅಪ್ಪ ಅಮ್ಮ ಬೇಗ ಹೋದ ಮೇಲೆ ರೇಷ್ಮೆ ನೂಲು ತೆಗೆಯುವ ಮನೆಯೊಂದಕ್ಕೆ ಕೂಲಿಗೆ ಸೇರಿ, ಕುದಿಯುವ ನೀರಿನಲ್ಲಿ ಗೂಡು ಬೇಯಿಸಿ ಎಳೆ ಹಿಡಿದು, ಆ ದುಡಿಮೆಯಲ್ಲಿ ತಂಗಿಯನ್ನು ಓದಿಸಿದರು. ಸದಾ ನೀರಿನಲ್ಲಿದ್ದ ಬೆರಳುಗಳ ತುದಿ ಬೆಳ್ಳಗೆ ಮುದುಡಿಕೊಂಡಿರುತ್ತಿತ್ತು. ಇಬ್ಬರೂ ಮದುವೆಯಾಗಲಿಲ್ಲ. ಯಾಕೆ ಎಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ.

ಅವರಿಬ್ಬರದೂ ಅವರಿಬ್ಬರದೇ ಭಾಷೆ. ಯಾವ ಶಾಲೆಯಲ್ಲೂ ಕಲಿಸುವ ಕೈಭಾಷೆ ಅಲ್ಲ, ಹುಡುಗಿಯರಾಗಿದ್ದಾಗ ಜಗುಲಿ ಮೇಲೆ ಕೂತು ಕಟ್ಟಿಕೊಂಡದ್ದು. ಹೆಬ್ಬೆರಳು ತೋರುಬೆರಳು ಸೇರಿಸಿ ಗಾಳಿಯಿಂದ ಎಳೆ ಎಳೆದರೆ ನೂಲು, ಅಂದರೆ ದುಡಿಮೆ. ಹೊಟ್ಟೆ ಸವರಿಕೊಂಡರೆ ನಮ್ಮ ಹೆಡ್‌ಮಾಸ್ಟರು. ನಾನು ಮನೆಗೆ ಹೋದ ಮೊದಲ ದಿನವೇ ಅಕ್ಕ ನನಗೂ ಒಂದು ಹೆಸರಿಟ್ಟರು. ಮೂಗಿನ ಹೊಳ್ಳೆಯ ಮೇಲೆ ಮೂಗುತಿ ತಿರುಗಿಸಿದ ಹಾಗೆ ಮಾಡಿದರೆ ಅದು ನಾನು.

ಅವತ್ತು ಊಟಕ್ಕೆ ಅವರೇಕಾಳಿನ ಹುಳಿ, ಮುದ್ದೆ. ಉಂಡಾದ ಮೇಲೆ ಅಕ್ಕ ಅಂಗೈಯನ್ನು ಎದೆಯ ಮೇಲಿಟ್ಟು ಆಚೆಗೆ ಸವರಿದರು. ಕೆನ್ನೆ ಉಬ್ಬಿ ಕಣ್ಣು ಅರ್ಧ ಮುಚ್ಚಿಕೊಂಡಿತ್ತು.

"ಸಾಕು ಅಂತ" ಎಂದರು ಮೇಡಂ. "ಹೊಟ್ಟೆ ತುಂಬ್ತು, ಸುಖವಾಯ್ತು ಅಂತ. ಇದೇ ಕೈ, ಮುಖ ಬಿಗಿದ್ರೆ ನಿನ್ನ ಸಹವಾಸ ಸಾಕು ಹೋಗು ಅಂತ. ಕೈ ಒಂದೇ ಕಣೇ, ಮುಖ ಬೇರೆ. ಇಲ್ಲ ಅನ್ನೋದಕ್ಕೆ ನಮ್ಮಲ್ಲಿ ಕೈಯೇ ಇಲ್ಲ. ಅದೂ ಮುಖದಲ್ಲೇ."

ಹೇಳುತ್ತಾ ಅವರು ನೋಡುತ್ತಿದ್ದದ್ದು ಅಕ್ಕನ ಪಕ್ಕದ ಗೋಡೆಯನ್ನು. ಅಕ್ಕನ ಕೆನ್ನೆ ಇಳಿದು ಮುಖ ಮೆಲ್ಲಗೆ ಗಂಟಾದದ್ದು ನನಗೆ ಕಂಡಿತು. ಮೇಡಂಗೆ ಕಾಣಲಿಲ್ಲ.

ಅವರ ಸಂಕಟ ಪೂರ್ತಿ ಇದೇ. ಕಿವಿ ಇಲ್ಲದವರು ಮಾತಾಡುತ್ತಿರುವಾಗ ನಾವು ಅತ್ತ ತಿರುಗುವುದೆಂದರೆ ಎದುರಿಗೆ ಕೂತು ಕಿವಿಗೆ ಬೆರಳಿಟ್ಟುಕೊಂಡ ಹಾಗೆ. ಊರಿನವರಿಗೆ ಮುಖ ಕೊಡದಿದ್ದರೆ ಧಿಮಾಕು ಅನ್ನುತ್ತಾರೆ, ಅಷ್ಟಕ್ಕೇ ಮುಗಿಯುತ್ತದೆ. ಅಕ್ಕನಿಗೆ ಮುಖ ಕೊಡದಿದ್ದರೆ ಮಾತೇ ನಿಂತುಹೋಗುತ್ತದೆ. ನೇರ ನೋಡಿದರೆ ಅಕ್ಕನ ಮುಖ ಮಾಯ, ಅತ್ತ ನೋಡಿದರೆ ಅಕ್ಕನಿಗೆ ಅವಮಾನ. ಹತ್ತಿರ ಹೋಗಿ ಮುಖಕ್ಕೆ ಮುಖ ತಂದರೆ ಚೂರು ಕಾಣುತ್ತಿತ್ತು, ಆದರೆ ಆಗ ಕೈಗಳು ಕಾಣುತ್ತಿರಲಿಲ್ಲ. ಕೈ ಕಾಣುವಷ್ಟು ದೂರ ನಿಂತರೆ ಮುಖ ಇರುತ್ತಿರಲಿಲ್ಲ.

ಅಕ್ಕನಿಗೆ ತಿಳಿಸಿ ಹೇಳಬಾರದೇ ಎಂದು ಕೇಳಿದೆ. ಹೇಳಿದ್ದರು. ಕಣ್ಣು ಮುಚ್ಚಿ ಕುರುಡು ಎಂದು ತೋರಿಸಿದ್ದಕ್ಕೆ ಅಕ್ಕ ಪಕಪಕ ನಕ್ಕು, ಮೂಲೆಗೆ ಉರುಳಿ ಹೋಗುತ್ತಿದ್ದ ರೇಷ್ಮೆಗೂಡನ್ನು ತಂಗಿ ಆಗತಾನೇ ಹೆಕ್ಕಿಕೊಟ್ಟದ್ದನ್ನು ನೆನಪಿಸಿದರಂತೆ. ಮೂಲೆಯ ಗೂಡು ಕಾಣುತ್ತೆ, ನನ್ನ ಮುಖ ಕಾಣಲ್ವಾ? ಒಂದು ಬೆಳಿಗ್ಗೆ ಮೇಡಂ ಬಾಗಿಲ ಮುಂದೆ ರಂಗೋಲಿ ಪುಡಿಯಲ್ಲಿ ಒಂದು ದುಂಡು ಮುಖ ಬರೆದು, ಕಣ್ಣು ಮೂಗು ಬಾಯಿ ಇಟ್ಟು, ಆಮೇಲೆ ನಡುಭಾಗವನ್ನು ಅಂಗೈಯಿಂದ ಅಳಿಸಿ, ನನಗೆ ನೀನು ಹೀಗೆ ಕಾಣುತ್ತೀಯ ಎಂದು ತೋರಿಸಿದರು. ಅಕ್ಕ ಅದನ್ನು ತುಂಬ ಹೊತ್ತು ನೋಡಿದರು. ಆಮೇಲೆ ಬಟ್ಟಲಿನಿಂದ ಚಿಟಿಕೆ ಪುಡಿ ತೆಗೆದು, ಅಳಿಸಿಹೋಗಿದ್ದ ಕಣ್ಣು ಮೂಗು ಬಾಯಿಗಳನ್ನು ಅಚ್ಚುಕಟ್ಟಾಗಿ ತಿದ್ದಿ ಬರೆದು, ಸರಿಯಾಯ್ತಲ್ಲ ಎಂದು ತಂಗಿಯ ಬೆನ್ನು ತಟ್ಟಿ ಒಳಗೆ ಹೋದರು. ಇದನ್ನು ಬಸ್ಸಿನಲ್ಲಿ ಹೇಳುವಾಗ ಮೇಡಂ ನಗುತ್ತಿದ್ದರು. ನನಗೆ ಕಿಟಕಿಯ ಕಡೆ ತಿರುಗಿಕೊಳ್ಳಬೇಕಾಯಿತು.

ಲೆನ್ಸಿನ ಹುಚ್ಚು ಶುರುವಾದದ್ದು ಇಲ್ಲಿಂದ. ಕ್ಯಾಮೆರಾದ ಪರದೆಯಲ್ಲಿ ಅಕ್ಕನ ಮುಖವನ್ನು ದೊಡ್ಡದು ಮಾಡಿಕೊಂಡರೆ ಕಣ್ಣಿನ ಅಂಚಿನಲ್ಲಾದರೂ ಹಿಡಿಯಬಹುದು ಎನ್ನುವುದು ಅವರ ಲೆಕ್ಕಾಚಾರ. ಆ ಪುಟ್ಟ ಕ್ಯಾಮೆರಾದ ಜೂಮ್ ಸಾಲುತ್ತಿರಲಿಲ್ಲ. ದೊಡ್ಡ ಕ್ಯಾಮೆರಾ ಕೊಳ್ಳಿ ಎಂದೆ. ಅದನ್ನು ಹೆಗಲಿಗೆ ಹಾಕಿಕೊಂಡು ಶಾಲೆಗೆ ಬಂದರೆ ಮದುವೆ ಫೋಟೋದವಳು ಅಂದುಕೊಳ್ಳುತ್ತಾರೆ ಎಂದು ಮಾತು ಹಾರಿಸಿದರು. ಫೋನಿನಲ್ಲಿ ಆಗಲ್ವಾ ಎಂದರೆ, ಫೋನು ಚಿತ್ರವನ್ನು ಹಿಗ್ಗಿಸುತ್ತೆ ಅಷ್ಟೇ, ಹತ್ತಿರ ತರಲ್ಲ ಎಂದರು. ಆಗಿನ ಫೋನುಗಳಿಗೆ ಆ ಮಾತು ನಿಜವೂ ಆಗಿತ್ತು.

ಚಿಕ್ಕಬಳ್ಳಾಪುರದ ಪೇಟೆಯಲ್ಲಿ ಫೋಟೋ ಸಾಮಾನು, ಮೊಬೈಲ್ ಕವರು ಎಲ್ಲ ಒಟ್ಟಿಗೆ ಮಾರುವ ಸಾಬರೊಬ್ಬರ ಅಂಗಡಿ ಇತ್ತು. ಮೊದಲ ಸಲ ನಾನೇ ಕರೆದುಕೊಂಡು ಹೋದೆ. ದೂರದ್ದನ್ನು ಹತ್ತಿರ ತರುವ ಲೆನ್ಸನ್ನು ಗಾಜಿನ ಪೆಟ್ಟಿಗೆಯಿಂದ ತೆಗೆದು ಒರೆಸಿ ಕೊಡುತ್ತಾ ಅವರು ಹೇಳಿದರು, "ಮೇಡಂ, ಮೊದ್ಲೇ ಹೇಳ್ಬಿಡ್ತೀನಿ. ನಡು ಚೊಕ್ಕ ಬರ್ತದೆ, ಅಂಚು ಮಸುಕು. ಈ ರೇಟಿಗೆ ಇಷ್ಟೇ ಮಾಲು. ಆಮೇಲೆ ಬಂದು ನಮ್ಗೆ ಅನ್ಬಾರ್ದು."

ಅಂಗಡಿ ಮೆಟ್ಟಿಲು ಇಳಿಯುತ್ತಾ ಮೇಡಂ ನನ್ನ ತೋಳು ಹಿಡಿದುಕೊಂಡು, "ಅದಕ್ಕೆ ಅಂಚು ಮಸುಕು, ನಂಗೆ ನಡು ಮಸುಕು. ಒಳ್ಳೇ ಜೋಡಿ ಕಣೇ" ಎಂದರು. ಆಗ ನಾನೂ ನಕ್ಕೆ.

ಆ ಲೆನ್ಸಿಗೆ ಕ್ಯಾಮೆರಾದಲ್ಲಿ ಕೂರುವ ಜಾಗವೇ ಇರಲಿಲ್ಲ. ಮೂತಿಯ ಸುತ್ತ ಅಂಟಿನ ಮೇಲೆ ಒಂದು ಉಂಗುರ, ಉಂಗುರದಲ್ಲಿ ಅಯಸ್ಕಾಂತ, ಅದಕ್ಕೆ ಈ ಲೆನ್ಸು ಕಚ್ಚಿಕೊಳ್ಳಬೇಕು. ಜೂಮ್ ಮಾಡಿ ಮೂತಿ ಮುಂದಕ್ಕೆ ಬಂದರೆ ಭಾರಕ್ಕೆ ಜೋಲುತ್ತಿತ್ತು, ಹಿಂದಕ್ಕೆ ಹೋದರೆ ಬಾವಿಯೊಳಗಿಂದ ಆಕಾಶ ನೋಡಿದ ಹಾಗೆ ಸುತ್ತ ಕಪ್ಪು. ಮೇಡಂ ಅದನ್ನು ಮೊದಲು ಪಾಠಕ್ಕೆ ಬಳಸಿದರು. ಹಕ್ಕಿಗಳ ಪಾಠದ ದಿನ 'ನಾಳೆ ಎಲ್ಲರೂ ಒಂದೊಂದು ಗೂಡು ನೋಡ್ಕೊಂಡು ಬನ್ನಿ' ಎಂದಿದ್ದಕ್ಕೆ, ಹುಳು ಸಾಕುವ ಮನೆಗಳ ಮಕ್ಕಳೆಲ್ಲ ಟಿಫಿನ್ ಡಬ್ಬಿಯಲ್ಲಿ ರೇಷ್ಮೆಗೂಡು ತಂದಿದ್ದರು. ನಮ್ಮ ಕಡೆ ಗೂಡು ಎಂದರೆ ಮೊದಲು ಅದೇ. ಮೇಡಂ ಹೊಟ್ಟೆ ಹಿಡಿದುಕೊಂಡು ನಕ್ಕು, ಮಕ್ಕಳನ್ನು ಕೆರೆ ಏರಿಗೆ ಕರೆದೊಯ್ದು, ಈಚಲು ಮರದಲ್ಲಿ ತೂಗುತ್ತಿದ್ದ ಗೀಜಗನ ಗೂಡನ್ನು ಆ ಲೆನ್ಸಿನಲ್ಲಿ ತೆಗೆದು ತೋರಿಸಿದರು. ಹಕ್ಕಿಯ ಸುತ್ತಲೂ ನೇರಳೆ ಬಣ್ಣದ ಗೆರೆ ಬಂದಿತ್ತು.

"ಮಿಸ್, ಹಕ್ಕಿ ನೇರಳೆ ಅಂಚಿನ ಸೀರೆ ಉಟ್ಕೊಂಡೈತೆ" ಎಂದಳು ಒಬ್ಬಳು.

"ಮದುವೆಗೆ ಹೊರಟೈತೆ, ಬಿಡು" ಎಂದರು ಮೇಡಂ. ಅಷ್ಟು ಹಗುರಾಗಿ ಅವರು ನಕ್ಕದ್ದು ನಾನು ಕಂಡದ್ದು ಕಡಿಮೆ.

ಮನೆಯಲ್ಲಿ ಆ ನಗು ನಡೆಯಲಿಲ್ಲ. ಅಂಗಳದ ಆ ತುದಿಯಲ್ಲಿ ಅಕ್ಕ ಕೂತು ಏನೋ ಹೇಳುತ್ತಿರುವಾಗ ಮೇಡಂ ಈ ತುದಿಯಿಂದ ಕ್ಯಾಮೆರಾ ಎತ್ತುತ್ತಿದ್ದರು. ಎತ್ತಿದ ಕ್ಷಣ ಅಕ್ಕ ಮಾತು ನಿಲ್ಲಿಸಿಬಿಡುತ್ತಿದ್ದರು. ಸೆರಗು ಸರಿಮಾಡಿಕೊಂಡು, ಕೈಗಳನ್ನು ತೊಡೆಯ ಮೇಲೆ ಜೋಡಿಸಿ, ಉಸಿರು ಹಿಡಿದು, ಮದುವೆ ಮನೆಯ ಗುಂಪಿನಲ್ಲಿ ನಿಲ್ಲುವವರ ಹಾಗೆ ನೆಟ್ಟಗೆ ಕೂರುತ್ತಿದ್ದರು. ಕ್ಯಾಮೆರಾ ಇಳಿಸಿದರೆ ಮಾತು ಶುರು. ಎತ್ತಿದರೆ ಬಂದ್. ಫೋಟೋಕ್ಕಲ್ಲ, ನೀನು ಹೇಳು, ಹೇಳುತ್ತಲೇ ಇರು ಎಂದು ತಂಗಿ ಕೈ ಮುಗಿದರೂ ಅಕ್ಕನಿಗೆ ಅರ್ಥವಾಗಲಿಲ್ಲ. ಕ್ಯಾಮೆರಾ ಕಂಡರೆ ಅಲುಗಾಡಬಾರದು ಎಂದು ಹಿಂದೆ ಯಾವುದೋ ಸ್ಟುಡಿಯೋದವನು ಗದರಿದ್ದನ್ನು ಅಕ್ಕ ಮರೆತಿರಲಿಲ್ಲ. ಹೀಗಾಗಿ ಮೇಡಂ ಬಳಿ ಅಕ್ಕನ ಮುಖದ ಫೋಟೋಗಳು ರಾಶಿ ಇದ್ದವು, ಒಂದರಲ್ಲೂ ಮಾತಿರಲಿಲ್ಲ.

ಅಂಬಾಜಿದುರ್ಗದ ಬೆಟ್ಟಕ್ಕೆ ಮಕ್ಕಳನ್ನು ಕರೆದುಕೊಂಡು ಹೋದಾಗ ಆ ಲೆನ್ಸು ಉಂಗುರ ಸಮೇತ ಕಳಚಿ ಬಂಡೆಯ ಮೇಲೆ ಉರುಳುತ್ತಾ ಹೋಯಿತು. ಹುಡುಗಿಯರು ಕಿರುಚಿಕೊಂಡು ಹಿಂದೆ ಓಡಿದರು. ಮೇಡಂ ಓಡಬೇಡಿ ಬೀಳ್ತೀರ ಎಂದು ಕೂಗಿ ಬಂಡೆಯ ಮೇಲೆ ಕೂತರು. ಭಾರ ಹೊತ್ತು ಹೊತ್ತು ಕ್ಯಾಮೆರಾದ ಮೂತಿಯೂ ಸಿಕ್ಕಿಕೊಂಡಿತ್ತು, ಒಳಕ್ಕೂ ಹೋಗದು ಹೊರಕ್ಕೂ ಬಾರದು. ಸಾಬರು ರಿಪೇರಿ ಮಾಡಿಕೊಟ್ಟು, ಇನ್ನೊಂದು ಸಲ ಇದಕ್ಕೆ ಭಾರ ಹಾಕಬೇಡಿ ಎಂದರು. ಮೇಡಂ ನೋಡಣ ಎಂದರು. ಮುಂದಿನ ತಿಂಗಳು ಅದಕ್ಕಿಂತ ಭಾರದ್ದನ್ನು ತಂದರು. ಆಮೇಲೆ ಇನ್ನೊಂದು. ಒಂದರಲ್ಲಿ ಆಗದ್ದು ಇನ್ನೊಂದರಲ್ಲಿ ಆದೀತು ಎಂದು ತರುತ್ತಲೇ ಇದ್ದರು. ಬೇಡ ಎನ್ನುವ ಧೈರ್ಯ ನನಗೆ ಬರಲಿಲ್ಲ. ಬೇಡ ಎಂದರೆ ಅದರ ಬದಲಿಗೆ ಕೊಡಲು ನನ್ನ ಹತ್ತಿರ ಏನಿತ್ತು?

ಒಂದನ್ನು ಮಾತ್ರ ನಾನು ಬೈಯಲಾರೆ. ಹತ್ತಿರದ್ದನ್ನು ದೊಡ್ಡದು ಮಾಡುವ ಲೆನ್ಸು. ಅದು ಒಂಟಿ ಗಾಜು, ಹಗುರ, ಮೂತಿಗೆ ಹೊರೆಯಿಲ್ಲ. ಅದರ ಪುಣ್ಯದಿಂದ ಮೇಡಂ ಕೆಲಸದ ಕೊನೆಯ ವರ್ಷಗಳಲ್ಲಿ ಉತ್ತರಪತ್ರಿಕೆ ತಿದ್ದಿದರು. ಮೇಜಿನ ಮೇಲೆ ಪುಸ್ತಕಗಳ ಮೇಲೆ ಪುಸ್ತಕ ಪೇರಿಸಿ, ಅದರ ಅಂಚಿನಿಂದ ಮೂತಿ ಆಚೆ ಬರುವಂತೆ ಕ್ಯಾಮೆರಾ ಬೋರಲು ಹಾಕಿ, ಕೆಳಗೆ ಹಾಳೆಯನ್ನು ಇಂಚಿಂಚೇ ಸರಿಸುತ್ತಾ ಪರದೆಯಲ್ಲಿ ಒಂದೊಂದೇ ಪದ ಓದುತ್ತಿದ್ದರು. ನಮ್ಮ ಹೆಡ್‌ಮಾಸ್ಟರು ಬಾಗಿಲಲ್ಲಿ ನಿಂತು ನೋಡಿ, "ಏನ್ ಮೇಡಂ, ಪೇಪರ್‌ಗೂ ಫೋಟೋ ಸೆಷನ್ನಾ?" ಎಂದು ನಕ್ಕರು. ಮೇಡಂ ಹೆಡ್‌ಮಾಸ್ಟರ ಹೆಗಲ ಕಡೆಗೆ ನೋಡಿ ನಕ್ಕರು. ಅಕ್ಷರ ದೊಡ್ಡದಾದರೆ ಅಕ್ಷರವೇ. ಮುಖಕ್ಕೆ ಅದು ಆಗಲಿಲ್ಲ. ಅಕ್ಕನ ಒಂದು ಹುಬ್ಬೋ ತುಟಿಯ ಮೂಲೆಯೋ ಪರದೆ ತುಂಬ ಬರುತ್ತಿತ್ತು, ಉಳಿದ ಮುಖ ಹೊರಗೇ ಇರುತ್ತಿತ್ತು.

ನಿವೃತ್ತಿಯ ದಿನ ಹುಡುಗಿಯರು ಸಾಲಾಗಿ ಬಂದು ಕಾಲಿಗೆ ಬಿದ್ದರು. ಒಬ್ಬೊಬ್ಬಳೂ 'ಮಿಸ್' ಎಂದ ತಕ್ಷಣ ಮೇಡಂ ದನಿಯಿಂದಲೇ ಗುರುತಿಸಿ ಅವಳ ಹೆಸರು ಹಿಡಿದು ಕರೆದು ತಲೆ ಮುಟ್ಟಿದರು. ಮುಖ ಕೊಟ್ಟು ಮಾತಾಡಲ್ಲ ಎಂದವರೆಲ್ಲ ಚಪ್ಪಾಳೆ ತಟ್ಟಿದರು. ಕೆಲಸ ಉಳಿಸಿಕೊಂಡು ಗೌರವವಾಗಿ ಹೊರಗೆ ಬಂದರಲ್ಲ ಎಂದು ನಾನು ಖುಷಿಪಟ್ಟೆ. ಬಸ್ಸಿನಲ್ಲಿ ಮೇಡಂ ಹಾರವನ್ನು ತೊಡೆಯ ಮೇಲಿಟ್ಟುಕೊಂಡು, "ಇನ್ಮೇಲೆ ದಿನಾ ಪೂರ್ತಿ ಮನೇಲೇ" ಎಂದರು. ಅದರಲ್ಲಿ ಖುಷಿ ಇರಲಿಲ್ಲ. ಆ ಹೊತ್ತಿಗೆ ಅಕ್ಕ ಅವರೊಂದಿಗೆ ಕೈ ಎತ್ತುವುದನ್ನೇ ಕಡಿಮೆ ಮಾಡಿಬಿಟ್ಟಿದ್ದರು. ಅನ್ನ ಹಾಕಿ ತಟ್ಟೆ ಸರಿಸುತ್ತಿದ್ದರು, ಎದ್ದು ಹೋಗುತ್ತಿದ್ದರು. ಒಂದೇ ಸೂರಿನ ಕೆಳಗೆ, ಒಬ್ಬರನ್ನೊಬ್ಬರು ಬಿಟ್ಟರೆ ಗತಿಯಿಲ್ಲದ ಇಬ್ಬರು ಹೀಗೆ ಮೌನವಾಗಿ ಬದುಕಿದರು.

ಆಮೇಲೆ ಅಕ್ಕ ಹಾಸಿಗೆ ಹಿಡಿದರು. ಜೀವಮಾನವಿಡೀ ಒಲೆಯ ಹೊಗೆ, ಗೂಡು ಬೇಯಿಸುವ ಹಬೆ ಕುಡಿದ ಎದೆ ಅದು. ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ತಂದರು. ವಾರ್ಡಿನಲ್ಲಿ ಮಂಚಕ್ಕೆ ಮಂಚ ತಾಗಿಕೊಂಡಿದ್ದವು, ಹಿಂದೆ ಸರಿದು ನಿಲ್ಲಲು ಜಾಗವಿರಲಿಲ್ಲ. ನಾನು ಮನೆಯಿಂದ ಗಂಜಿ ಮಾಡಿಕೊಂಡು ಹೋಗುವಷ್ಟರಲ್ಲಿ ನಡೆದದ್ದು ಇದು, ಮೇಡಂ ಆಮೇಲೆ ಹೇಳಿದ್ದು. ಮಧ್ಯಾಹ್ನ ಅಕ್ಕ ಕಣ್ಣು ಬಿಟ್ಟು, ತಂಗಿಯ ಮೊಣಕೈ ಮುಟ್ಟಿ, ಹೊದಿಕೆಯಿಂದ ಕೈಗಳನ್ನು ಹೊರಗೆ ತೆಗೆದರು. ಏನೋ ಹೇಳಲು ಹೊರಟಿದ್ದಾರೆ ಎಂದು ಮೇಡಂಗೆ ಗೊತ್ತಾಯಿತು. ಅಷ್ಟು ಹತ್ತಿರದಿಂದ ಕೈ ಮುಖ ಎರಡನ್ನೂ ಹಿಡಿಸಲು ಕ್ಯಾಮೆರಾಕ್ಕೆ ಆಗುತ್ತಿರಲಿಲ್ಲ. ಚೀಲದಲ್ಲಿ ಅಗಲಕ್ಕೆ ಎಲ್ಲವನ್ನೂ ಹಿಡಿಸುವ ಲೆನ್ಸಿತ್ತು. ತಡಕಾಡಿ ಅದನ್ನು ಸಿಕ್ಕಿಸಿ, ವಿಡಿಯೋ ಒತ್ತಿ, ಅಂದಾಜಿನ ಮೇಲೆ ಹಿಡಿದರು. ಕ್ಯಾಮೆರಾ ಕಂಡರೂ ಅಕ್ಕ ಅವತ್ತು ಸೆರಗು ಸರಿಮಾಡಿಕೊಳ್ಳಲಿಲ್ಲ, ಕೈ ಜೋಡಿಸಲಿಲ್ಲ. ಮೊದಲ ಸಲ, ಹೇಳುವುದನ್ನು ಪೂರ್ತಿ ಹೇಳಿದರು. ಸಂಜೆಗೆ ಹೋಗಿಬಿಟ್ಟರು.

ಕಾರ್ಯವೆಲ್ಲ ಮುಗಿದ ಮೇಲೆ ಮೇಡಂ ಒಬ್ಬರೇ ಬಸ್ಸು ಹತ್ತಿ, ಅವರಿವರನ್ನು ಕೇಳಿಕೊಂಡು ನಮ್ಮ ಮನೆಗೆ ಬಂದರು. ನೀರು ಕೂಡ ಕುಡಿಯಲಿಲ್ಲ. ಕ್ಯಾಮೆರಾ ನನ್ನ ಕೈಗಿಟ್ಟು, ನಿನ್ನ ಲ್ಯಾಪ್‌ಟಾಪಿಗೆ ಹಾಕು ಎಂದರು. ಪರದೆಗೆ ಮೂಗು ತಾಗುವಷ್ಟು ಹತ್ತಿರ ಕುರ್ಚಿ ಎಳೆದುಕೊಂಡು, ನೋಡುವ ಬದಲು ಕಣ್ಣು ಮುಚ್ಚಿಕೊಂಡರು.

"ನಂಗೆ ಕಾಣಲ್ಲ. ನೀನು ಹೇಳು. ಕೈ ಹೇಳು ಮೊದಲು."

ಕೈಗಳು ಪರದೆಯ ಮಧ್ಯದಲ್ಲಿದ್ದವು. ಬೆರಳಿನ ಮುದುಡಿದ ತುದಿಗಳು ಕೂಡ ಚೊಕ್ಕವಾಗಿ ಕಾಣುತ್ತಿದ್ದವು.

"ಬೆರಳು ಸೇರಿಸಿ ಗಾಳಿಯಿಂದ ಎಳೀತಿದ್ದಾರೆ ಮೇಡಂ."

"ನೂಲು. ದುಡಿಮೆ. ಆಮೇಲೆ?"

"ನಿಮ್ಮ ಕಡೆ ತೋರಿಸಿದ್ರು."

"ನಾನು. ಆಮೇಲೆ?"

"ಕಣ್ಣಿನ ಹತ್ರ ಬೆರಳು ತಂದ್ರು."

"ನೋಡೋದು."

"ಅಂಗೈ ಎದೆ ಮೇಲಿಟ್ಟು ಆಚೆಗೆ ಸವರಿದ್ರು. ಅಷ್ಟೇ. ಆಮೇಲೆ ಕೈ ಕೆಳಗೆ ಬಿತ್ತು."

ಮೇಡಂ ಪಾಠ ಹೇಳುವ ಅದೇ ಸಮಾಧಾನದ ದನಿಯಲ್ಲಿ ಹೇಳಿದರು, "ದುಡಿದೆ, ನಿನ್ನ ಕಣ್ತುಂಬಾ ನೋಡ್ದೆ, ಸಾಕು, ಹೊಟ್ಟೆ ತುಂಬ್ತು. ಹಂಗೂ ಆಗುತ್ತೆ. ದುಡಿದು ಸಾಕಿದೆ, ನೀನು ನನ್ನ ಕಡೆ ನೋಡ್ಲೂ ಇಲ್ಲ, ಸಾಕು ನಿನ್ನ ಸಹವಾಸ. ಹಿಂಗೂ ಆಗುತ್ತೆ. ಯಾವುದು ಅಂತ ಮುಖದಲ್ಲಿರುತ್ತೆ ಕಣೇ. ಮುಖ ಹೇಳು."

ಮುಖ ಪರದೆಯ ಮೇಲಿನ ಅಂಚಿನಲ್ಲಿತ್ತು. ದಿಂಬಿನ ಬಿಳುಪು, ಕೂದಲಿನ ನರೆ, ಮುಖ ಎಲ್ಲ ಒಂದರೊಳಗೊಂದು ಕರಗಿ ಪಕ್ಕಕ್ಕೆ ಎಳೆದುಕೊಂಡು ಹೋಗಿದ್ದವು. ಸುತ್ತ ಒಂದು ನೇರಳೆ ಗೆರೆ. ಕಣ್ಣು ಯಾವುದು, ಬಾಯಿ ಯಾವುದು ತಿಳಿಯುತ್ತಿರಲಿಲ್ಲ. ದೊಡ್ಡದು ಮಾಡಿದೆ, ಮಸುಕು ದೊಡ್ಡದಾಯಿತು. ನಿಲ್ಲಿಸಿ, ಹಿಂದೆ ಮುಂದೆ ಓಡಿಸಿ ನೋಡಿದೆ. ಮೇಡಂ ಕಣ್ಣು ಮುಚ್ಚಿಕೊಂಡೇ ಕಾಯುತ್ತಿದ್ದರು. ಅವರ ಆ ಕಾಯುವಿಕೆಯನ್ನು ನನಗೆ ನೋಡಲಾಗಲಿಲ್ಲ.

"ನಗ್ತಿದ್ದಾರೆ ಮೇಡಂ" ಎಂದೆ.

"ಹಲ್ಲು ಕಾಣುತ್ತಾ?"

"ಹೂಂ. ಚೆನ್ನಾಗಿ ಕಾಣುತ್ತೆ."

"ಅವತ್ತು ಅಕ್ಕನ ಹಲ್ಲಿನ ಸೆಟ್ಟು ಆಸ್ಪತ್ರೆಯವ್ರು ತೆಗೆದು ನನ್ನ ಚೀಲದಲ್ಲಿ ಇಟ್ಟಿದ್ರು ಕಣೇ" ಎಂದರು ಮೇಡಂ. ದನಿಯಲ್ಲಿ ಸಿಟ್ಟಿರಲಿಲ್ಲ. "ಅಂಚಿನಲ್ಲಿ ಬಂದಿದೆ ಅಲ್ವಾ ಮುಖ? ಆ ಲೆನ್ಸು ಹಾಕಿದ್ದು ನಾನೇ."

ತಮ್ಮನ ಮಗಳಿಗೆ ಕೊನೆಗೆ ಉತ್ತರ ಬರೆದೆ. ಹತ್ತಿರದ್ದು ಬೇಕಾದರೆ ತಗೋ, ಉಳಿದೆರಡು ಬೇಡ ಎಂದು. ಯಾಕತ್ತೆ ಎಂದು ಕೇಳಿದ್ದಾಳೆ.

ಮೇಡಂ ನಮ್ಮ ಮನೆಗೆ ಬಂದಿದ್ದ ಆ ದಿನ ನಾನು ಇನ್ನೊಂದು ಸಲ ವಿಡಿಯೋ ಮೊದಲಿಂದ ಹಾಕಲು ಹೋದೆ. "ಬೆಳಕು ಜಾಸ್ತಿ ಮಾಡಿ ನೋಡಣ ಮೇಡಂ" ಎಂದೆ, ಅವರದೇ ಮಾತಿನಲ್ಲಿ. ಅವರು ಕಣ್ಣು ಬಿಟ್ಟರು. ನನ್ನ ಹೆಗಲ ಕಡೆಗಲ್ಲ, ಕಿವಿಯ ಆಚೆಗಲ್ಲ, ನೇರ ನನ್ನ ಮುಖಕ್ಕೇ ಮುಖ ಕೊಟ್ಟರು. ಹಾಗೆ ನೋಡಿದರೆ ನಾನು ಅವರಿಗೆ ಒಂದಿಷ್ಟೂ ಕಾಣುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಅಂಗೈಯನ್ನು ಎದೆಯ ಮೇಲಿಟ್ಟು ನಿಧಾನವಾಗಿ ಆಚೆಗೆ ಸವರಿದರು. ನನ್ನ ಕಣ್ಣಿಗೆ ಏನೂ ಆಗಿಲ್ಲ, ಅವರ ಮುಖ ಚೆನ್ನಾಗಿ ಕಾಣುತ್ತಿತ್ತು. ಅದು ಹೊಟ್ಟೆ ತುಂಬಿದವರ ಮುಖವಾಗಿರಲಿಲ್ಲ.